ಸಣಕಲು ಬೆಕ್ಕು ಆರೋಗ್ಯವಾಗಿದೆಯೆ?

ಮನೆಯಲ್ಲಿ ಸಾಕಿದ ಬೆಕ್ಕು ಸಣಕಲಾಗಿ ಕಂಡಾಗ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಹೊಟ್ಟೆಗಿಲ್ಲದೆ ಸೊರಗಿದೆಯೆಂದು ಒಬ್ಬರು ಮರುಗಿದರೆ, ಇಲಿ ಹಿಡಿಯುವ ಪ್ರಾಣಿ ಹಗುರವಾಗಿಯೇ ಇರಬೇಕೆಂದು ಇನ್ನೊಬ್ಬರು ಸಮಾಧಾನ ಹೇಳುತ್ತಾರೆ. ಎರಡು ಮಾತುಗಳೂ ಕೆಲವು ಬೆಕ್ಕುಗಳ ವಿಷಯದಲ್ಲಿ ನಿಜ, ಕೆಲವುಗಳ ವಿಷಯದಲ್ಲಿ ತಪ್ಪು. ಮೊದಲನೆಯದನ್ನು ತಪ್ಪಾಗಿ ನಂಬಿದರೆ ಆರೋಗ್ಯವಂತ ಪ್ರಾಣಿಗೆ ಬೊಜ್ಜನ್ನು ತಂದುಕೊಡುತ್ತೇವೆ. ಎರಡನೆಯದನ್ನು ತಪ್ಪಾಗಿ ನಂಬಿದರೆ ರೋಗಕ್ಕೆ ಸಿಕ್ಕಿದ ಪ್ರಾಣಿಯನ್ನು ಕಣ್ಣೆದುರಿನಲ್ಲಿಯೇ ಕಳೆದುಕೊಳ್ಳುತ್ತೇವೆ. ಆದುದರಿಂದ ನಿಜಸ್ಥಿತಿಯನ್ನು ತಿಳಿಯುವ ಬಗೆ ಹೇಗೆಂಬುದನ್ನು ವಿಚಾರಿಸೋಣ.

ತಕ್ಕಡಿಯೊಂದನ್ನೇ ನಂಬಿದರೆ ಸಾಲದು. ಬೆಳೆದ ಸಾಧಾರಣ ಮನೆಬೆಕ್ಕು ಸುಮಾರು 3ರಿಂದ 5 ಕಿಲೊಗ್ರಾಂ ತೂಗುತ್ತದೆ. ಆದರೆ ಸಯಾಮೀಸ್ ತಳಿಯ ಬೆಕ್ಕು ಹುಟ್ಟಿನಿಂದಲೇ ನೀಳವಾದ, ತೆಳುವಾದ ಮೈಕಟ್ಟುಳ್ಳದ್ದು. ಮೇನ್ ಕೂನ್ ತಳಿಯ ಗಂಡುಬೆಕ್ಕು ಬೊಜ್ಜಿಲ್ಲದೆಯೇ 7-8 ಕಿಲೊಗ್ರಾಂ ತೂಗಬಲ್ಲುದು. ಸಣ್ಣ ಎಲುಬಿನ ಹೆಣ್ಣುಬೆಕ್ಕಿಗೆ ಅತಿಯಾದ 4 ಕಿಲೊಗ್ರಾಂ ತೂಕವು ದೊಡ್ಡ ಎಲುಬಿನ ಗಂಡಿಗೆ ಕಡಮೆಯೆನಿಸಬಹುದು. ಕಣ್ಣನ್ನು ನಂಬೋಣವೆಂದರೆ ಅದೂ ಮೋಸಹೋಗುತ್ತದೆ. ಪರ್ಷಿಯನ್ ಬೆಕ್ಕಿನ ದಟ್ಟವಾದ ರೋಮದ ಕೆಳಗೆ ಎಲುಬಿನ ಗೂಡೇ ಅಡಗಿರಬಹುದು.

ಹಾಗಾದರೆ ನಂಬತಕ್ಕುದು ಯಾವುದನ್ನು? ಕೈಯ ಸ್ಪರ್ಶವನ್ನು. ಅಮೆರಿಕದ ಪಶುವೈದ್ಯೆ ಡಾಟಿ ಲಾಫ್ಲಾಮ್ ಅವರು 1997ರಲ್ಲಿ ಬೆಕ್ಕುಗಳಿಗಾಗಿ 9 ಮೆಟ್ಟಲುಗಳ ಒಂದು ಅಳತೆಯನ್ನು ಪ್ರಕಟಿಸಿದರು. ಇದರಲ್ಲಿ 1 ಎಂದರೆ ಎಲುಬುಗಳು ಹೊರಗೆ ಎದ್ದುಕಾಣುವ ಕೃಶತೆ; 9 ಎಂದರೆ ಪಕ್ಕೆಲುಬುಗಳು ಕೈಗೇ ಸಿಗದಷ್ಟು ಬೊಜ್ಜು; 5 ಎಂಬುದು ಹದವಾದ ಮೈ. ಇದನ್ನು ಪರೀಕ್ಷಿಸಲು ಬೆಕ್ಕಿನ ಎರಡು ಪಾರ್ಶ್ವಗಳ ಮೇಲೆ ಬೆರಳುಗಳನ್ನು ಮೃದುವಾಗಿ ಆಡಿಸಬೇಕು. ತೆಳುವಾದ ಕೊಬ್ಬಿನ ಪದರದ ಅಡಿಯಲ್ಲಿ ಪಕ್ಕೆಲುಬುಗಳು ಸುಲಭವಾಗಿ ತಿಳಿಯಬೇಕು. ಮೇಲಿನಿಂದ ನೋಡಿದರೆ ಪಕ್ಕೆಗಳ ಹಿಂದೆ ನಡು ಸ್ವಲ್ಪ ಒಳಸರಿದಿರಬೇಕು.

ಈ ಸ್ಪರ್ಶವನ್ನು ಕಲಿಯಲು ನಮ್ಮ ಕೈಯೇ ಪಾಠದ ಹಲಗೆ. ಮುಷ್ಟಿ ಬಿಗಿದು ಬೆರಳಿನ ಗೆಣ್ಣುಗಳ ಮೇಲೆ ಇನ್ನೊಂದು ಕೈಯನ್ನು ಆಡಿಸಿರಿ: ಪಕ್ಕೆಲುಬುಗಳು ಹೀಗೆ ತಿಳಿದರೆ ಬೆಕ್ಕು ಅತಿ ಕೃಶವಾಗಿದೆ. ಮುಷ್ಟಿ ಬಿಡಿಸಿ ಅಂಗೈಯ ಹಿಂಬದಿಯನ್ನು ಸವರಿರಿ: ಹೀಗಿದ್ದರೆ ಹದ. ಅಂಗೈಯನ್ನು ಮೇಲೆ ಮಾಡಿ ಬೆರಳುಗಳ ಬುಡದ ಮೆತ್ತೆಯನ್ನು ಒತ್ತಿರಿ: ಹೀಗಿದ್ದರೆ ಬೊಜ್ಜು. ಹಿಂಗಾಲುಗಳ ಮುಂದೆ ನಡೆಯುವಾಗ ಓಲಾಡುವ ಸಡಿಲವಾದ ಚರ್ಮದ ಜೋಲು ಮಾತ್ರ ಲೆಕ್ಕಕ್ಕಿಲ್ಲ. ಅದು ತೆಳ್ಳನೆಯ ಬೆಕ್ಕಿಗೂ ಸಹಜವಾದುದು.

ಕೊಬ್ಬಿನಂತೆಯೇ ಮಾಂಸಖಂಡವನ್ನೂ ಬೇರೆಯಾಗಿ ಗಮನಿಸಬೇಕು. ಬೆನ್ನೆಲುಬಿನ ಇಕ್ಕೆಲಗಳು, ಭುಜದೆಲುಬು, ತಲೆಬುರುಡೆ—ಇವುಗಳ ಮೇಲಿನ ಮಾಂಸ ಕರಗಿ ಎಲುಬಿನ ಅಂಚು ಹರಿತವಾಗಿ ತಾಗಿದರೆ ಅದು ಬರಿಯ ತೆಳುತನವಲ್ಲ, ಕ್ಷಯಿಸುತ್ತಿರುವ ದೇಹದ ಗುರುತು. ಹೊಟ್ಟೆಯಲ್ಲಿ ಕೊಬ್ಬು ಉಳಿದಿದ್ದರೂ ಬೆನ್ನಿನ ಮಾಂಸ ಸವೆದಿರುವ ಬೆಕ್ಕುಗಳುಂಟು.

ಮಾಂಸಖಂಡ ಸವೆಯುವುದಕ್ಕೆ ಬೆಕ್ಕಿನ ದೇಹಧರ್ಮವೂ ಒಂದು ಕಾರಣ. ಬೆಕ್ಕು ಕಟ್ಟಾ ಮಾಂಸಾಹಾರಿ. ನಾವು ಪ್ರೋಟೀನು ಕಡಮೆ ತಿಂದಾಗ ನಮ್ಮ ಯಕೃತ್ತು ಪ್ರೋಟೀನನ್ನು ಒಡೆಯುವ ಕಿಣ್ವಗಳ ಕೆಲಸವನ್ನು ತಗ್ಗಿಸಿ ಮಿತವ್ಯಯ ಮಾಡುತ್ತದೆ. ಬೆಕ್ಕಿನ ಯಕೃತ್ತಿಗೆ ಈ ಮಿತವ್ಯಯದ ಶಕ್ತಿ ಬಹು ಕಡಮೆಯೆಂದು 1977ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ತೋರಿಸಿದರು. ಆಹಾರದಲ್ಲಿ ಪ್ರೋಟೀನು ಸಾಲದಿದ್ದರೆ ದೇಹವು ತನ್ನ ಮಾಂಸವನ್ನೇ ಕರಗಿಸತೊಡಗುತ್ತದೆ. ನಮ್ಮ ಅನೇಕ ಮನೆಗಳಲ್ಲಿ ಬೆಕ್ಕಿಗೆ ಹಾಲು-ಅನ್ನ, ಮೊಸರನ್ನಗಳನ್ನು ಹಾಕುವ ರೂಢಿಯಿದೆಯಷ್ಟೆ. ಹೊರಗೆ ಇಲಿ, ಹಕ್ಕಿಗಳನ್ನು ಹಿಡಿದು ತಿನ್ನುವ ಬೆಕ್ಕು ಈ ಕೊರತೆಯನ್ನು ತಾನೇ ತುಂಬಿಕೊಳ್ಳಬಹುದು; ಮನೆಯೊಳಗೇ ಉಳಿದ ಬೆಕ್ಕಿಗೆ ಆ ದಾರಿಯಿಲ್ಲ. ಮಾಂಸದಲ್ಲಿ ದೊರೆಯುವ ಟಾರಿನ್ ಎಂಬ ವಸ್ತುವಿನ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ಕೆಡುವುದೆಂದು 1975ರಲ್ಲಿಯೂ, ಹೃದಯದ ಸ್ನಾಯು ದುರ್ಬಲವಾಗುವುದೆಂದು 1987ರಲ್ಲಿಯೂ ತಿಳಿದುಬಂದಿತು. ತಟ್ಟೆ ತುಂಬಿದ್ದ ಮಾತ್ರಕ್ಕೆ ಬೆಕ್ಕಿಗೆ ಪೋಷಣೆ ದೊರೆಯಿತೆಂದು ಹೇಳಲಾಗದು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ತೆಳ್ಳಗಿರುವುದು ಬೇರೆ, ತೆಳ್ಳಗಾಗುತ್ತ ಹೋಗುವುದು ಬೇರೆ. ಬೆಳೆದಂದಿನಿಂದ 3 ಕಿಲೊಗ್ರಾಂ ತೂಗುತ್ತ, ನುಣುಪಾದ ರೋಮ, ಗಟ್ಟಿಯಾದ ಮಾಂಸಖಂಡ, ಚುರುಕಾದ ನಡೆಗಳಿಂದ ಕೂಡಿರುವ ಬೆಕ್ಕು ತನ್ನ ಪ್ರಕೃತಿಗೆ ತಕ್ಕಂತೆಯೇ ಇದೆ. ಆದರೆ 4 ಕಿಲೊಗ್ರಾಂ ಇದ್ದ ಬೆಕ್ಕು 3.6 ಕಿಲೊಗ್ರಾಮಿಗೆ ಇಳಿದರೆ ಅದು ದೇಹದ ಹತ್ತನೆಯ ಒಂದು ಪಾಲನ್ನು ಕಳೆದುಕೊಂಡಿದೆ. 60 ಕಿಲೊಗ್ರಾಂ ತೂಗುವ ಮನುಷ್ಯನು ಕಾರಣವಿಲ್ಲದೆ 6 ಕಿಲೊಗ್ರಾಂ ಇಳಿದರೆ ನಾವು ಸುಮ್ಮನಿರುತ್ತೇವೆಯೆ? ಆ 400 ಗ್ರಾಂ ನಷ್ಟ ಕಣ್ಣಿಗೆ ಕಾಣದೆಯೂ ಹೋಗಬಹುದು.

ಇಂಥ ಇಳಿತವು ಅನೇಕ ವೇಳೆ ರೋಗದ ಮೊದಲ ಸುಳಿವು. ದೀರ್ಘಕಾಲದ ಮೂತ್ರಪಿಂಡ ರೋಗಕ್ಕೆ ಸಿಕ್ಕಿದ ಬೆಕ್ಕುಗಳಲ್ಲಿ, ರೋಗ ಪತ್ತೆಯಾಗುವುದಕ್ಕೆ 3 ವರ್ಷ ಮೊದಲೇ ತೂಕ ಇಳಿಯತೊಡಗಿರಬಹುದೆಂದು 2016ರ ಒಂದು ಅಧ್ಯಯನ ತೋರಿಸಿತು. ಮುದಿ ಬೆಕ್ಕು ಹಿಂದಿಗಿಂತ ಹೆಚ್ಚು ತಿಂದರೂ ಸೊರಗುತ್ತಿದ್ದರೆ ಥೈರಾಯಿಡ್ ಗ್ರಂಥಿಯನ್ನು ಶಂಕಿಸಬೇಕು. ಅದು ಅತಿಯಾಗಿ ರಸ ಸುರಿಸಿದಾಗ ದೇಹವು ಇಂಧನವನ್ನು ಬೇಗಬೇಗನೆ ಉರಿಸಿಬಿಡುತ್ತದೆ. ಬೆಕ್ಕುಗಳಲ್ಲಿ ಈ ವ್ಯಾಧಿಯನ್ನು 1979ರಲ್ಲಿ ಮೊದಲು ವರ್ಣಿಸಲಾಯಿತು. ಹೆಚ್ಚು ನೀರು ಕುಡಿದು, ಹೆಚ್ಚು ಮೂತ್ರ ಮಾಡಿ, ಚೆನ್ನಾಗಿ ತಿಂದೂ ಇಳಿಯುವ ಬೆಕ್ಕಿಗೆ ಸಿಹಿಮೂತ್ರವಿರಬಹುದು. ಮರಿಗಳಲ್ಲಿ ಜಂತುಹುಳುಗಳು, ವಯಸ್ಸಾದವುಗಳಲ್ಲಿ ಹಲ್ಲಿನ ನೋವು ಸಾಮಾನ್ಯ ಕಾರಣಗಳು. ಇವುಗಳಲ್ಲಿ ಯಾವುದೆಂಬುದನ್ನು ಪಶುವೈದ್ಯರ ರಕ್ತ, ಮೂತ್ರ, ಮಲ ಪರೀಕ್ಷೆಗಳು ಹೇಳಬಲ್ಲವಲ್ಲದೆ ನಮ್ಮ ಊಹೆಯಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ದಪ್ಪವಾದ ಬೆಕ್ಕನ್ನು ಉಪವಾಸ ಕೆಡವಿ ತೆಳ್ಳಗೆ ಮಾಡಲು ಹೋಗಬಾರದು. ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಮೈಯ ಕೊಬ್ಬು ಯಕೃತ್ತಿಗೆ ಧಾವಿಸಿ, ಅಲ್ಲಿ ಶೇಖರವಾಗಿ, ಪ್ರಾಣಾಪಾಯವನ್ನು ತರಬಹುದು. ದಪ್ಪ ಬೆಕ್ಕಿಗೇ ಈ ಅಪಾಯ ಹೆಚ್ಚು. ಯಾವ ಬೆಕ್ಕೇ ಆಗಲಿ, ಒಂದು ದಿನ ಪೂರ್ತಿ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸುವುದು ಲೇಸು.

ತೂಕವನ್ನು ತಿಳಿಯುವ ಉಪಾಯ ಸುಲಭ. ಒಂದು ಬುಟ್ಟಿಯನ್ನು ತೂಗಿ, ಬಳಿಕ ಬೆಕ್ಕನ್ನು ಅದರಲ್ಲಿ ಕೂರಿಸಿ ತೂಗಿ, ಕಳೆದರೆ ಬೆಕ್ಕಿನ ತೂಕ ದೊರೆಯುತ್ತದೆ. ತಕ್ಕಡಿಯು 50 ಗ್ರಾಮಿನ ವ್ಯತ್ಯಾಸವನ್ನಾದರೂ ತೋರಿಸಬೇಕು. ತಿಂಗಳಿಗೊಮ್ಮೆ ಅದೇ ತಕ್ಕಡಿಯಲ್ಲಿ ತೂಗಿ, ಪಕ್ಕೆಗಳನ್ನೂ ಬೆನ್ನನ್ನೂ ಮುಟ್ಟಿ ನೋಡಿ, ತಾರೀಖಿನೊಡನೆ ಬರೆದಿಟ್ಟುಕೊಳ್ಳಬೇಕು. ವಿದ್ಯಾರ್ಥಿಗಳು ಈ ಅಂಕಿಗಳಿಂದ ಒಂದು ರೇಖಾಚಿತ್ರವನ್ನು ಬರೆಯಬಹುದು. ಸಮತಲವಾಗಿ ಸಾಗುವ ರೇಖೆ ನೆಮ್ಮದಿಯ ಸೂಚನೆ, ಇಳಿಮುಖವಾದದ್ದು ಕರೆಗಂಟೆ.

ಬೇಟೆಯಾಡುವ ಇತರ ಪ್ರಾಣಿಗಳಂತೆ ಬೆಕ್ಕು ತನ್ನ ನೋವನ್ನು ಬಚ್ಚಿಡುತ್ತದೆ. ನರಳಿ ತಿಳಿಸುವುದು ಅಪರೂಪ. ಅದು ಬಾಯಿಬಿಟ್ಟು ಹೇಳದುದನ್ನು ಅದರ ತೂಕ ಹೇಳುತ್ತದೆ. ಆದರೆ ಒಂದು ದಿನದ ಅಂಕಿ ಒಂಟಿ ಅಕ್ಷರವಿದ್ದಂತೆ; ಹಲವು ತಿಂಗಳ ಅಂಕಿಗಳು ಸೇರಿದಾಗಲೇ ಅರ್ಥವುಳ್ಳ ವಾಕ್ಯವಾಗುವುದು.