ಶಬ್ದವು ಗಾಳಿಯಿಂದ ನೀರಿಗೆ ದಾಟುವ ಬಗೆ



ಕೆರೆಯಲ್ಲಾಗಲಿ ಹೊಳೆಯಲ್ಲಾಗಲಿ ತಲೆ ಮುಳುಗಿಸಿ ಈಜಿದವರಿಗೆ ಈ ಸಂಗತಿಯು ತಿಳಿದಿರಬಹುದು. ದಡದಲ್ಲಿ ನಿಂತವರು ಎಷ್ಟು ಗಟ್ಟಿಯಾಗಿ ಕೂಗಿದರೂ ನೀರಿನೊಳಗಿರುವವರಿಗೆ ಆ ಕೂಗು ಬಹು ಕ್ಷೀಣವಾಗಿ ಕೇಳಿಸುವುದು. ಆದರೆ ನೀರಿನೊಳಗೇ ಯಾರಾದರೂ ಎರಡು ಕಲ್ಲುಗಳನ್ನು ಒಂದಕ್ಕೊಂದು ತಾಕಿಸಿದರೆ ಆ ಸದ್ದು ಕಿವಿಯ ಬಳಿಯಲ್ಲೇ ಆದಂತೆ ಸ್ಪಷ್ಟವಾಗಿ ಕೇಳಿಸುವುದು. ನೀರು ಶಬ್ದವನ್ನು ನುಂಗುವುದಾದರೆ ಕಲ್ಲಿನ ಸದ್ದೂ ಕೇಳಿಸಬಾರದಾಗಿತ್ತು. ಹಾಗಾದರೆ ದಡದ ಕೂಗು ಎಲ್ಲಿ ಹೋಯಿತು?

ಶಬ್ದವೆಂಬುದು ಪದಾರ್ಥದ ಕಣಗಳ ಕಂಪನವು. ಒಂದು ಕಣವು ನೆರೆಯ ಕಣವನ್ನು ನೂಕುವುದು, ಅದು ಮತ್ತೊಂದನ್ನು. ಹೀಗೆ ಕಂಪನವು ಅಲೆಯಾಗಿ ಸಾಗುವುದು. ಅದರ ವೇಗವು ಸೆಕೆಂಡಿಗೆ ಗಾಳಿಯಲ್ಲಿ ಸುಮಾರು 340 ಮೀಟರು, ನೀರಿನಲ್ಲಿ ಸುಮಾರು 1,480 ಮೀಟರು, ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು. 1826ರಲ್ಲಿ ಕೊಲಾಡನ್ ಎಂಬವರು ಜಿನೀವಾ ಸರೋವರದಲ್ಲಿ ಇದನ್ನು ಅಳೆದರು. ಒಂದು ದೋಣಿಯಿಂದ ನೀರಿನೊಳಗೆ ತೂಗಬಿಟ್ಟ ಗಂಟೆಯನ್ನು ಬಾರಿಸಿದ ಕ್ಷಣದಲ್ಲೇ ಮದ್ದು ಹೊತ್ತಿಸಿ ಬೆಳಕು ತೋರಿಸಲಾಗುತ್ತಿತ್ತು. ದೂರದ ದೋಣಿಯಲ್ಲಿದ್ದ ಅವರು, ನೀರಿಗಿಳಿಸಿದ ತುತ್ತೂರಿಯಂಥ ಕೊಳವೆಗೆ ಕಿವಿಯಿಟ್ಟು, ಬೆಳಕಿಗೂ ಸದ್ದಿಗೂ ನಡುವಣ ಕಾಲವನ್ನು ಎಣಿಸಿದರು.

ಒಂದು ಪದಾರ್ಥದಿಂದ ಮತ್ತೊಂದಕ್ಕೆ ದಾಟುವಾಗ ಶಬ್ದದ ಶ್ರುತಿಯು ಬದಲಾಗದು. ವೇಗವೂ ಅಲೆಯ ಉದ್ದವೂ ಬದಲಾಗುವುವು. ಆದರೆ ಶಬ್ದವೆಲ್ಲವೂ ದಾಟುವುದಿಲ್ಲ; ಎರಡರ ಎಲ್ಲೆಯಲ್ಲಿ ಒಂದು ಪಾಲು ಹಿಂದಿರುಗುವುದು. ಪದಾರ್ಥದ ಸಾಂದ್ರತೆಯನ್ನು ಶಬ್ದದ ವೇಗದಿಂದ ಗುಣಿಸಿದರೆ ಬರುವ ಮೊತ್ತವು ಎರಡು ಕಡೆಗಳಲ್ಲಿಯೂ ಸಮವಾಗಿದ್ದರೆ ಶಬ್ದವು ಸರಾಗವಾಗಿ ದಾಟುವುದು. ಅಂತರವು ಹೆಚ್ಚಿದಷ್ಟೂ ಹಿಂದಿರುಗುವ ಪಾಲು ಹೆಚ್ಚುವುದು. ನೀರಿನ ಮೊತ್ತವು ಗಾಳಿಯದಕ್ಕಿಂತ ಸುಮಾರು 3,600 ಪಟ್ಟು ದೊಡ್ಡದು. ಆದಕಾರಣ ಗಾಳಿಯಿಂದ ನೀರಿಗೆ ಬೀಳುವ ಶಬ್ದಶಕ್ತಿಯ 1,000 ಪಾಲುಗಳಲ್ಲಿ ಹೆಚ್ಚುಕಡಿಮೆ ಒಂದೇ ಪಾಲು ಒಳಹೊಗುವುದು. ದಡದ ಕೂಗು ನೀರಿನಲ್ಲಿ ಅಡಗಲಿಲ್ಲ, ಬಾಗಿಲಿನಿಂದಲೇ ಹಿಂದಿರುಗಿತು. ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಮಾಡುವಾಗ ಹೊಟ್ಟೆಯ ಮೇಲೆ ಜೆಲ್ ಹಚ್ಚುವುದೂ ಇದಕ್ಕಾಗಿಯೇ. ಚರ್ಮಕ್ಕೂ ಯಂತ್ರಕ್ಕೂ ನಡುವೆ ಗಾಳಿ ಉಳಿದರೆ ಶಬ್ದವು ಒಳಗೆ ಹೋಗದು.

ನಮ್ಮ ಒಳಕಿವಿಯೂ ದ್ರವದಿಂದ ತುಂಬಿದೆ. ಮಾತಾದರೋ ಗಾಳಿಯಲ್ಲಿ ಬರುವುದು. ಹಾಗಿದ್ದರೂ ನಮಗೆ ಕೇಳಿಸುವುದು ಹೇಗೆ? ನಡುಗಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪುಗಳನ್ನು ಹೋಲುವ ಮೂರು ಕಿರಿದಾದ ಎಲುಬುಗಳುಂಟು. ಇವು ಅಗಲವಾದ ತಮಟೆಯ ಮೇಲೆ ಬಿದ್ದ ಬಲವನ್ನು ಒಳಕಿವಿಯ ಚಿಕ್ಕ ಕಿಂಡಿಯ ಮೇಲೆ ಕೂಡಿಸಲು, ಒತ್ತಡವು 20 ಪಟ್ಟಿಗೂ ಹೆಚ್ಚಾಗುವುದು. ಹೊಲಿಗೆಯ ತರಗತಿಯಲ್ಲಿ ಬೆರಳಿನ ಮೆಲ್ಲನೆಯ ನೂಕು ಸೂಜಿಯ ಮೊನೆಯಲ್ಲಿ ಸೇರಿ ದಪ್ಪ ಬಟ್ಟೆಯನ್ನು ತೂರುವುದನ್ನು ನಾವೆಲ್ಲರೂ ಕಂಡಿದ್ದೇವಷ್ಟೆ.

ಈ ಏರ್ಪಾಡು ನಡೆಯಬೇಕಾದರೆ ನಡುಗಿವಿಯಲ್ಲಿ ಗಾಳಿಯಿರಬೇಕು. ನೆಗಡಿಯಾದಾಗ ಗಂಟಲಿನಿಂದ ಅಲ್ಲಿಗೆ ಗಾಳಿಯೊಯ್ಯುವ ನಾಳವು ಕಟ್ಟಿಕೊಂಡು, ಚಿಕ್ಕ ಮಕ್ಕಳಲ್ಲಿ ಅನೇಕರಿಗೆ ತಮಟೆಯ ಹಿಂದೆ ದ್ರವವು ನಿಲ್ಲುವುದು. ಆಗ ತಮಟೆಯು ಚೆನ್ನಾಗಿ ಅಲುಗದೆ, ಶಬ್ದದ ಬಹುಪಾಲು ಹಿಂದಿರುಗುವುದು.

ನಾನು ಉಪಾಧ್ಯಾಯಿನಿಯಾಗಿದ್ದಾಗ ಒಬ್ಬ ಹುಡುಗಿಯು ಉಕ್ತಲೇಖನದಲ್ಲಿ ದಿನವೂ ತಪ್ಪು ಬರೆಯುತ್ತಿದ್ದಳು. ಅಲಕ್ಷ್ಯವೆಂದೆಣಿಸಿ ಅವಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದೆನು. ತಪ್ಪುಗಳು ಇನ್ನೂ ಹೆಚ್ಚಿದವು. ತಾಯಿಯು ವೈದ್ಯರ ಬಳಿಗೆ ಕರೆದೊಯ್ದಾಗ, ಎರಡು ಕಿವಿಗಳಲ್ಲಿಯೂ ದ್ರವ ನಿಂತಿದ್ದುದು ತಿಳಿದುಬಂತು. ಅವಳಿಗೆ ನೋವಿರಲಿಲ್ಲ, ಆದುದರಿಂದ ದೂರಲೂ ಇಲ್ಲ. ನನ್ನ ಮಾತು ಅವಳ ಕಿವಿಯ ಬಾಗಿಲಿನಿಂದಲೇ ಹಿಂದಿರುಗುತ್ತಿರಲು, ನಾನು ಅವಳ ಮನಸ್ಸನ್ನು ನಿಂದಿಸುತ್ತಿದ್ದೆನು.

ತಾಯಿತಂದೆಗಳೇ, ಮಗುವು ಹಿಂದಿನಿಂದ ಕರೆದರೆ ತಿರುಗದಿದ್ದರೆ, ಹೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಅದರ ಕಿವಿಗೆ ಎಣ್ಣೆ ಹೊಯ್ಯಬೇಡಿರಿ, ಕಡ್ಡಿ ಹಾಕಬೇಡಿರಿ, ವೈದ್ಯರಿಗೆ ತೋರಿಸಿರಿ. ಈ ದ್ರವವು ಬಹುಮಟ್ಟಿಗೆ ಕೆಲವು ತಿಂಗಳಲ್ಲಿ ತಾನೇ ಆರುವುದು, ಆರದಿದ್ದರೆ ಚಿಕಿತ್ಸೆಯುಂಟು. ಅಷ್ಟರ ತನಕ ಮಗುವಿನ ಮುಂದೆ ಕುಳಿತು, ಮುಖ ನೋಡಿ ನಿಧಾನವಾಗಿ ಮಾತಾಡಿರಿ. ನಮ್ಮಲ್ಲಿ ಉಪಾಧ್ಯಾಯಿನಿಯರಾಗಿರುವ ಹಳೆಯ ವಿದ್ಯಾರ್ಥಿನಿಯರು, ಗದರಿಸುವುದಕ್ಕೆ ಮುಂಚೆ, "ನಿನಗೆ ಕೇಳಿಸಿತೇ, ಮಗು?" ಎಂದು ಒಮ್ಮೆ ವಿಚಾರಿಸಲಿ.