ಗಾಳಿಯ ನಷ್ಟ ಬೇರೆ, ವಯಸ್ಸಿನ ನಷ್ಟ ಬೇರೆ

ಕೊಯಮತ್ತೂರು, ತಿರುಪ್ಪೂರು ಸೀಮೆಯವರಿಗೆ ಗಾಳಿ ಹೊಸದಲ್ಲ. ಸಹ್ಯಾದ್ರಿಯ ಸಾಲು ಪಾಲಕ್ಕಾಡಿನ ಬಳಿ ತೆರೆದುಕೊಳ್ಳುತ್ತದೆ. ಆಷಾಢದ ಗಾಳಿ ಆ ಕಂಡಿಯಿಂದಲೇ ಒಳಗೆ ನುಗ್ಗುತ್ತದೆ. ಉಡುಮಲೈ, ಪಲ್ಲಡಂ ಕಡೆಯ ಗಾಳಿಯಂತ್ರಗಳು ಅದನ್ನೇ ನಂಬಿ ನಿಂತಿವೆ. ಬೇಸಗೆಯ ಸಂಜೆಯ ಬಿರುಗಾಳಿ, ಅಕ್ಟೋಬರಿನಿಂದ ಶುರುವಾಗುವ ಹಿಂಗಾರು ಮಳೆ ಎರಡನ್ನೂ ಸೇರಿಸಿದರೆ ನಮ್ಮ ಮನೆಗಳ ಮಾಡಿಗೆ ವರ್ಷಕ್ಕೆ ಮೂರು ಪರೀಕ್ಷೆ. ಆದರೂ ಗಾಳಿ ನಿಂತ ಮರುದಿನ ಏನು ನೋಡಬೇಕು, ಯಾವುದಕ್ಕೆ ದುಡ್ಡು ಬಿಚ್ಚಬೇಕು ಎಂಬ ಲೆಕ್ಕ ಹೆಚ್ಚಿನ ಮನೆಗಳಲ್ಲಿ ಇರುವುದಿಲ್ಲ.

ನಮ್ಮದು ಸಿರುಮುಗೈಯ ದೇವಾಂಗ ಮನೆತನ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಹಳೆಯ ಮನೆಯ ಮುಂಭಾಗಕ್ಕೆ ಮಂಗಳೂರು ಹೆಂಚು, ಅದರಡಿ ಮಗ್ಗ. ಹಿಂಭಾಗಕ್ಕೆ ಆಮೇಲೆ ಹಾಕಿಸಿದ ತಾರಸಿ. ಒಂದು ಬೇಸಗೆಯ ಗಾಳಿಮಳೆಗೆ ಮಾಡಿನ ನೆತ್ತಿಯ ಹೆಂಚುಗಳು ಕಿತ್ತುಬಂದವು. ಮಗ್ಗದ ಮನೆಯಲ್ಲಿ ಮಾಡಿಗೆ ತೀರ ಹತ್ತಿರ ಇರುವುದು ಜಕಾರ್ಡ್ ಪೆಟ್ಟಿಗೆ. ಸೋರಿದ ನೀರು ಮೊದಲು ಅದರ ರಟ್ಟಿನ ಕಾರ್ಡುಗಳ ಮೇಲೆ ಬಿತ್ತು. ಉಬ್ಬಿದ ಕಾರ್ಡಿನ ತೂತು ಸೂಜಿಗೆ ಸರಿಯಾಗಿ ಕೂರುವುದಿಲ್ಲ, ಸೀರೆಯ ಅಂಚಿನ ಚಿತ್ತಾರ ತಪ್ಪುತ್ತದೆ. ಒಡೆದ ಹೆಂಚಿಗಿಂತ ಅದರ ಕೆಳಗಿನ ನಷ್ಟವೇ ದೊಡ್ಡದು ಎಂದು ನಾನು ಅಂದು ಕಂಡುಕೊಂಡೆ.

ಹಾಗೆಂದು ಮಳೆ ನಿಂತ ಕೂಡಲೇ ಏಣಿ ಹತ್ತಬಾರದು. ಮೊದಲು ಸುತ್ತ ನೋಡಿ. ಹರಿದ ವಿದ್ಯುತ್ ತಂತಿ ಇದ್ದರೆ ವಿದ್ಯುತ್ ಮಂಡಳಿಗೆ (ಇ.ಬಿ.) ಫೋನ್ ಮಾಡಿ, ಅವರು ಬರುವ ತನಕ ಹತ್ತಿರ ಹೋಗಬೇಡಿ. ಪಕ್ಕದ ಎತ್ತರದ ಗೋಡೆ ನೀರು ಕುಡಿದು ವಾಲಿದೆಯೇ ಎಂದು ಗಮನಿಸಿ. 2019ರ ಡಿಸೆಂಬರ್ 2ರ ನಸುಕಿನಲ್ಲಿ ಮೇಟ್ಟುಪಾಳೆಯಂ ಬಳಿಯ ನಡೂರಿನಲ್ಲಿ ಮಳೆಗೆ ನೆನೆದ ಕಾಂಪೌಂಡ್ ಗೋಡೆ ಪಕ್ಕದ ಮನೆಗಳ ಮೇಲೆ ಕುಸಿದು 17 ಜನ ಸತ್ತರು. ಜೀವ ಮೊದಲು, ಮಾಡು ಆಮೇಲೆ.

ಮಾಡಿನ ತಪಾಸಣೆಯನ್ನು ಒಳಗಿನಿಂದಲೇ ಶುರುಮಾಡಿ. ಹೆಂಚಿನ ಮನೆಯಾದರೆ ಹಗಲಲ್ಲಿ ದೀಪ ಆರಿಸಿ ಮೇಲೆ ನೋಡಿ. ಹೆಂಚು ಸರಿದ ಕಡೆಯೆಲ್ಲ ಬೆಳಕಿನ ಚುಕ್ಕೆ ಕಾಣುತ್ತದೆ. ನೀರು ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಎಂದುಕೊಳ್ಳಬೇಡಿ. ನೀರು ರೀಪಿನ ಗುಂಟ ಹರಿದು ಎಲ್ಲೋ ಇಳಿಯುತ್ತದೆ. ಮರದ ಮೇಲಿನ ಗುರುತನ್ನು ಹಿಡಿದು ಮೇಲಕ್ಕೆ ಹುಡುಕಿಕೊಂಡು ಹೋಗಿ. ಸಿಮೆಂಟ್ ಶೀಟಾದರೆ ಬೋಲ್ಟಿನ ಸುತ್ತ ಬಿರುಕು ಬಿಟ್ಟಿದೆಯೇ, ವಾಷರ್ ಹಾರಿಹೋಗಿದೆಯೇ ನೋಡಿ. ಶೀಟಿನ ಮೇಲೆ ಮಾತ್ರ ಕಾಲಿಡಬೇಡಿ, ಅದು ಆಳಿನ ಭಾರ ತಡೆಯುವುದಿಲ್ಲ. ತಾರಸಿಯಾದರೆ ನೀರು ಹೋಗುವ ಪೈಪಿನ ಬಾಯಲ್ಲಿ ಎಲೆ ಕಟ್ಟಿದೆಯೇ, ಪ್ಯಾರಾಪೆಟ್ ಬಿರಿದಿದೆಯೇ, ಸೋಲಾರ್ ಮತ್ತು ನೀರಿನ ಟ್ಯಾಂಕಿನ ಬುಡ ಅಲುಗಾಡಿದೆಯೇ ಪರೀಕ್ಷಿಸಿ.

ದುಡ್ಡಿನ ಲೆಕ್ಕ ಇಲ್ಲಿಂದ ಶುರು. ಒಂದು ಕಾಗದದಲ್ಲಿ ಎರಡು ಪಟ್ಟಿ ಮಾಡಿ: ಗಾಳಿ ಮಾಡಿದ ನಷ್ಟ ಒಂದು ಕಡೆ, ವಯಸ್ಸು ಮಾಡಿದ ನಷ್ಟ ಇನ್ನೊಂದು ಕಡೆ. ಹೊಸದಾಗಿ ಮುರಿದ ಹೆಂಚಿನ ಅಂಚು ಕೆಂಪಗೆ ಶುಚಿಯಾಗಿರುತ್ತದೆ. ಹಳೆಯ ಬಿರುಕಿನಲ್ಲಿ ಪಾಚಿ, ಕಪ್ಪು ಇರುತ್ತದೆ. ಚಾವಣಿಯ ಒದ್ದೆಯ ಸುತ್ತ ಕಂದು ಉಂಗುರ ಕಟ್ಟಿದ್ದರೆ ಅದು ಹಿಂದಿನ ಮಳೆಗಳಿಂದಲೂ ಸೋರಿದೆ. ನಮ್ಮ ಮನೆಯಲ್ಲಿ ಎರಡು ರೀಪು ಮುರಿದು ಬಿದ್ದಿದ್ದವು. ಹಿರಿಯ ಮೇಸ್ತ್ರಿಯೊಬ್ಬರು ಅವನ್ನು ಉಗುರಲ್ಲಿ ಕೆರೆದು, "ಇದು ಗೆದ್ದಲಿನ ಕೆಲಸ ತಮ್ಮಾ, ಗಾಳಿ ಬಂದು ತೋರಿಸಿಕೊಟ್ಟಿತು" ಎಂದರು.

ಈ ಎರಡು ಪಟ್ಟಿ ಯಾಕೆ ಬೇಕೆಂದರೆ, ಬೇರೆಯವರು ದುಡ್ಡು ಕೊಡುವುದು ಮೊದಲನೆಯದಕ್ಕೆ ಮಾತ್ರ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಕೊಡುತ್ತಿವೆ. ಬಿರುಗಾಳಿ, ಚಂಡಮಾರುತ, ನೆರೆ ಎಲ್ಲ ಅದರಲ್ಲಿವೆ. ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ, ಮನೆಸಾಮಾನಿಗೂ ತಾನಾಗಿ ಸಿಗುತ್ತದೆ. ಸವೆತಕ್ಕೆ, ಗೆದ್ದಲಿಗೆ, ಹಳೆಯ ಸೋರಿಕೆಗೆ ಅದರಲ್ಲಿ ಜಾಗವಿಲ್ಲ. ಮನೆಯಲ್ಲೇ ಮಗ್ಗ ಇಟ್ಟವರು ಇನ್ನೊಂದು ಮಾತು ಗಮನಿಸಬೇಕು: ಮನೆಸಾಮಾನು ಎಂದರೆ ಮನೆಬಳಕೆಯದು. ಮಗ್ಗ, ರೇಷ್ಮೆ, ನೇಯ್ದಿಟ್ಟ ಸೀರೆ ದುಡಿಮೆಯ ಬಂಡವಾಳ. ಅಂಥವರಿಗೆ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಇದೆ. ಪಾಲಿಸಿ ಕೊಳ್ಳುವಾಗಲೇ ಮಗ್ಗ ಇದೆಯೆಂದೂ ಮಾಡು ಹೆಂಚಿನದೆಂದೂ ಬರೆಸಿಕೊಳ್ಳಿ.

ಸರ್ಕಾರದ ಪರಿಹಾರಕ್ಕೂ ಅಳತೆ ಇದೆ. 2022ರಿಂದ 2026ರ ಅವಧಿಯ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ, ಕನಿಷ್ಠ ಶೇ. 15ರಷ್ಟು ಹಾಳಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ಎಂದು ನಿಗದಿಯಾಗಿತ್ತು. ಕೈಮಗ್ಗದವರ ಸಲಕರಣೆಗೆ ಬೇರೆ ನೆರವು ಉಂಟು. ಅರ್ಜಿ ಹೋಗುವುದು ಗ್ರಾಮ ಆಡಳಿತಾಧಿಕಾರಿ (ವಿ.ಎ.ಒ.) ಮೂಲಕ ತಹಶೀಲ್ದಾರರಿಗೆ. 100 ಚದರ ಅಡಿ ಮಾಡಿಗೆ ಸುಮಾರು 150 ಹೆಂಚು ಹಿಡಿಯುತ್ತದೆ. ಎಷ್ಟು ಹೋಗಿವೆ ಎಂದು ಎಣಿಸಿ ಬರೆದುಕೊಂಡರೆ ಅವರೆದುರು ಮಾತಾಡಲು ಆಧಾರ ಸಿಗುತ್ತದೆ.

ಆದ್ದರಿಂದ ಗುಡಿಸುವ ಮುಂಚೆ ಫೋಟೊ ತೆಗೆಯಿರಿ. ವಿಮಾ ಕಂಪನಿಗೆ ಅಂದೇ ತಿಳಿಸಿ. ಮತ್ತೆ ನೀರು ಇಳಿಯದಂತೆ ತಾರ್ಪಾಲು ಹೊದಿಸಿ, ಅದರ ರಸೀದಿ ಇಟ್ಟುಕೊಳ್ಳಿ. ಗಾಳಿಯ ಮರುದಿನ ಬಾಗಿಲಿಗೆ ಬಂದು, "ಪೂರ್ತಿ ಬಿಚ್ಚಿ ತಗಡು ಹಾಕೋಣ, ಈಗಲೇ ಅಡ್ವಾನ್ಸ್ ಕೊಡಿ" ಎನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಅಂಥ ಒಬ್ಬರು ನಮಗೂ ಲೆಕ್ಕ ಕೊಟ್ಟಿದ್ದರು. ಮೇಸ್ತ್ರಿ ಹೇಳಿದಂತೆ ಗೆದ್ದಲು ಹಿಡಿದ ರೀಪು ಬದಲಿಸಿ, ಒಡೆದಷ್ಟು ಹೆಂಚು ಹಾಕಿಸಿದ್ದಕ್ಕೆ ಅದರ ಐದನೇ ಒಂದು ಪಾಲೂ ಖರ್ಚಾಗಲಿಲ್ಲ. ಕನಿಷ್ಠ ಇಬ್ಬರಿಂದ ಕೂಲಿ ಬೇರೆ, ಸಾಮಾನು ಬೇರೆ ಎಂದು ಬರೆಸಿಕೊಂಡು ಆಮೇಲೆ ಒಪ್ಪಿ.

ವಯಸ್ಸಿನ ಪಟ್ಟಿಗೆ ನಮ್ಮ ಉಳಿತಾಯವೇ ಗತಿ. ಮಾಡಿನ ಹೆಸರಿನಲ್ಲಿ ತಿಂಗಳಿಗೆ ಒಂದಿಷ್ಟು ಆರ್.ಡಿ. ಕಟ್ಟುವುದು ಸಾಲಕ್ಕಿಂತ ಎಷ್ಟೋ ಅಗ್ಗ. ಮುಂದಿನ ಗಾಳಿಗೆ ಮುಂಚೆ, ಮಾಡು ನೆಟ್ಟಗಿರುವಾಗಲೇ ಒಳಗಿಂದ, ಹೊರಗಿಂದ ಫೋಟೊ ತೆಗೆದು ದಿನಾಂಕ ಸಮೇತ ಇಟ್ಟುಕೊಳ್ಳಿ. ವಿಮಾ ಕಂಪನಿಯ ಸರ್ವೇಯರ್ ಬಂದು "ಇದು ಹಳೆಯದು" ಎಂದರೆ ಎದುರಿಗೆ ಇಡಲು ನಿಮ್ಮ ಬಳಿ ಇರುವ ಗಟ್ಟಿ ಸಾಕ್ಷಿ ಅದೇ.