ಮರವೇರುವವರಿಗೊಂದು ಕಿವಿಮಾತು

ಕುಣಿಗಲ್ ಸೀಮೆಯಲ್ಲಿ ಹುಣಿಸೆ, ಹಲಸು, ಮಾವುಗಳ ಕೊಂಬೆ ಸವರುವ ಕಾಯಕವನ್ನು ಜೀವನೋಪಾಯವಾಗಿ ಕೈಗೊಳ್ಳಬಯಸುವ ತರುಣರು, ಯಂತ್ರಗರಗಸದ ಮೋಹಕ್ಕೆ ಒಳಗಾಗುವ ಮುನ್ನ, ತೊಡೆ ಸೊಂಟಗಳನ್ನು ಬಿಗಿಹಿಡಿಯುವ ಸುರಕ್ಷಾಪಟ್ಟಿ, ಶಿರಸ್ತ್ರಾಣ ಹಾಗೂ ಉತ್ತಮ ಹಗ್ಗಗಳಿಗಾಗಿ ಹಣವನ್ನು ವಿನಿಯೋಗಿಸುವುದು ಲೇಸು. ಹಗ್ಗವನ್ನು ಪ್ರತಿದಿನವೂ ಉದ್ದಕ್ಕೂ ಬೆರಳುಗಳಿಂದ ತಡವಿ ನೋಡಿ, ಸವೆತ ಕಂಡರೆ ನಿರ್ದಾಕ್ಷಿಣ್ಯವಾಗಿ ತ್ಯಜಿಸತಕ್ಕದ್ದು. ದಪ್ಪ ಕೊಂಬೆಯನ್ನು ಮೇಲಿನಿಂದಲೇ ಕೊಯ್ದರೆ ಅದು ತನ್ನ ಭಾರಕ್ಕೆ ಸೀಳಿ, ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಬೀಳುವುದರಿಂದ, ಕಾಂಡದಿಂದ ಒಂದಡಿ ಆಚೆ ಮೊದಲು ಅಡಿಯಿಂದ ಕಾಲುಭಾಗ ಕೊಯ್ದು, ಅದಕ್ಕೂ ತುಸು ಆಚೆ ಮೇಲಿನಿಂದ ಕತ್ತರಿಸಿ, ಉಳಿದ ಮೋಟನ್ನು ಬುಡದ ಉಬ್ಬಿಗೆ ಪೆಟ್ಟಾಗದಂತೆ ತೆಗೆಯಬೇಕು. ಆ ಉಬ್ಬಿನಿಂದಲೇ ಮರವು ತನ್ನ ಗಾಯವನ್ನು ಮುಚ್ಚಿಕೊಳ್ಳುವುದು. ವಿದ್ಯುತ್ ತಂತಿ ಸಮೀಪವಿದ್ದಲ್ಲಿ ಬೆಸ್ಕಾಂನವರು ಸರಬರಾಜು ನಿಲ್ಲಿಸುವವರೆಗೆ, ಯಾರು ಎಷ್ಟು ಅವಸರಪಡಿಸಿದರೂ, ದಯವಿಟ್ಟು ಮರ ಹತ್ತದಿರಿ.